ಆಟಿ ತಿಂಗಳಿಗೆ ಒಂಬತ್ತು ತಟ್ಟೆ: ಬೇಕಲದ ಹತ್ತಿರ ಊರ ಪದಾರ್ಥದ ಹೊಟೇಲಿಗೆ ಈ ಮೆನು ನಡೆದೀತೇ?

ಚಂದ್ರಗಿರಿ_ಬದಿ

ಎಲ್ಲರಿಗೂ ನಮಸ್ಕಾರ. ಬೇಕಲದ ಹತ್ತಿರ ಒಂದು ಹೊಟೇಲು ತಯಾರಾಗುತ್ತಾ ಉಂಟು. 24 ಕುರ್ಚಿ, ರಾತ್ರಿ ಒಂದೇ ಪಂಕ್ತಿ. ಕಾರ್ಡು ನೋಡಿ ಆರಿಸುವ ಕ್ರಮ ಇಲ್ಲ. ಒಂಬತ್ತು ತಟ್ಟೆ ಒಂದರ ಹಿಂದೆ ಒಂದು ಬರುತ್ತದೆ, ತಲೆಗೆ 2,800 ರೂಪಾಯಿ. ಪದಾರ್ಥ ಎಲ್ಲ ಕಾಸರಗೋಡು ಜಿಲ್ಲೆಯದ್ದೇ ಆಗಬೇಕೆಂಬ ಹಟ. ಈಗ ಮಾರ್ಚ್ ಮೊದಲ ವಾರ. ಬಾಗಿಲು ತೆರೆಯುವುದು ಜೂನ್ 15ಕ್ಕೆ, ಆಗಸ್ಟ್ ಕೊನೆಯವರೆಗೆ, ಅಂದರೆ ಮಳೆಗಾಲದ ಆಟಿ ತಿಂಗಳೂ ಸೇರಿ, ಒಂದೇ ಮೆನು.

ಬರೆದಿಟ್ಟದ್ದು ಹೀಗೆ. ಮೊದಲು ಗಾಜಿನ ಲೋಟದಲ್ಲಿ ತಣ್ಣನೆ ಪುನರ್ಪುಳಿ (ಕೋಕಂ) ಸಾರು. ಆಮೇಲೆ ಪತ್ರೊಡೆಯ (ಕೆಸುವಿನ ಎಲೆಗೆ ಹಿಟ್ಟು ಹಚ್ಚಿ ಸುತ್ತಿ ಬೇಯಿಸಿದ್ದು) ಒಂದು ಬಿಲ್ಲೆ, ಮೇಲೆ ಕಾಟುಮಾವಿನಹಣ್ಣಿನ (ಕಾಡುಮಾವು) ಗೊಜ್ಜು. ಮೂರನೆಯದು ಚಿಪ್ಪಿನೊಳಗೆ ಅಕ್ಕಿ ತುಂಬಿಸಿ ಬೇಯಿಸಿದ ಕಲ್ಲುಮ್ಮಕ್ಕಾಯಿ (ಕಡಲ ಚಿಪ್ಪುಜೀವಿ). ನಂತರ ಒಂದೆಲಗದ ತಂಬುಳಿ. ಐದು: ಅಂಜಲ್ ಮೀನು, ಮಂತುಪುಳಿ (ಕೊಡಂಪುಳಿ) ಹಾಕಿದ ತೆಂಗಿನಹಾಲಿನಲ್ಲಿ. ಆರು: ಗುಜ್ಜೆ (ಎಳೆ ಹಲಸು) ಪಲ್ಯ, ಕುಚ್ಚಲಕ್ಕಿ ಅನ್ನ. ಏಳು: ನೀರುದೋಸೆ, ಊರ ಕೋಳಿ. ಖಾರದ ಬಾಯಿಗೆ ತಂಪಾಗಿ ಗೇರುಹಣ್ಣಿನ ಸೋರ್ಬೆ. ಕೊನೆಗೆ ಅರಸಿನ ಎಲೆಯಲ್ಲಿ ಹಲಸಿನಹಣ್ಣಿನ ಗಟ್ಟಿ (ಹಬೆಯಲ್ಲಿ ಬೇಯಿಸಿದ ಕಡುಬು), ಕಲ್ಪರಸದ (ಹುಳಿಯದ ತೆಂಗಿನ ಹೊಂಬಾಳೆಯ ರಸ) ಸಕ್ಕರೆ. ಮೀನು, ಕೋಳಿ ತಿನ್ನದವರಿಗೆ ಬದಲು ಏನು ಎಂಬುದು ಇನ್ನೂ ತೀರ್ಮಾನ ಆಗಿಲ್ಲ. ಎಲ್ಲೆಲ್ಲಿ ತಪ್ಪುಂಟು, ಸಂಕೋಚ ಬಿಟ್ಟು ಹೇಳಿ.

ಭರಣಿ

ಇದು ಏಪ್ರಿಲ್ ತಿಂಗಳ ಮೆನು ಮಾರಾಯ್ರೇ. ಜುಲೈಯಲ್ಲಿ ಇದರಲ್ಲಿ ಅರ್ಧ ಸಿಗ್ಲಿಕ್ಕಿಲ್ಲ.

ಗುಜ್ಜೆ ಎಳತು ಇರುವುದು ಮಾರ್ಚ್‌ವರೆಗೆ, ತಡವಾಗಿ ಬಿಡುವ ಮರದಲ್ಲಿ ಏಪ್ರಿಲ್. ಕಾಟುಮಾವು ಮೇ ಮುಗಿಯುವಾಗ ಮುಗಿಯಿತು. ಗೇರುಹಣ್ಣಿಗೆ ಮಳೆ ಬಿದ್ದರೆ ಅಲ್ಲಿಗೆ ಕತೆ ಆಯಿತು. ಹಲಸಿನಹಣ್ಣು ಜೂನ್‌ನಲ್ಲಿ ಸಿಗುತ್ತದೆ, ಆದರೆ ಮಳೆನೀರು ಕುಡಿದ ಸೊಳೆ ಸಪ್ಪೆ, ಅದರ ಗಟ್ಟಿ ಎಷ್ಟು ಬೇಯಿಸಿದರೂ ಮುದ್ದೆಯಾಗಿಯೇ ಉಳಿಯುತ್ತದೆ. ನಮ್ಮ ಕಡೆ ಮಳೆಗಾಲದ ಅಡುಗೆ ಎಂದರೆ ಬೇಸಿಗೆಯಲ್ಲಿ ಭರಣಿಗೆ ಹಾಕಿಟ್ಟದ್ದು ಮತ್ತು ಮಳೆಗೆ ಚಿಗುರಿದ ಸೊಪ್ಪು, ಈ ಎರಡೇ. ನಿಮ್ಮ ಪುಣ್ಯಕ್ಕೆ ಕೈಯಲ್ಲಿ ಮೂರು ತಿಂಗಳು ಉಂಟು. ಮೆನು ಬದಿಗಿಡಿ, ಮೊದಲು ಉಗ್ರಾಣ ತುಂಬಿಸಿ.

ಉಪ್ಪುಸೊಳೆ: ಬಲಿತ, ಆದರೆ ಹಣ್ಣಿಗೆ ತಿರುಗದ ಹಲಸು. ಗಟ್ಟಿ ಸೊಳೆಯ ಬಕ್ಕೆಯೇ ಆಗಬೇಕು, ಮೆತ್ತನೆ ಸೊಳೆಯ ತುಳುವ ಕರಗಿಹೋಗುತ್ತದೆ. ಬೇಳೆ, ಅದರ ಸುತ್ತಲಿನ ಪೊರೆ ತೆಗೆದ ಸೊಳೆ ಕಿಲೋಗೆ 200 ಗ್ರಾಂ ಕಲ್ಲುಪ್ಪು, ಪದರ ಪದರವಾಗಿ. ಮೇಲೆ ಬಾಳೆಎಲೆ, ಅದರ ಮೇಲೆ ಭಾರದ ಕಲ್ಲು. ಎರಡು ಮೂರು ದಿನದಲ್ಲಿ ಅದರದ್ದೇ ನೀರು ಮೇಲೆ ಬರಬೇಕು. ಬಾರದಿದ್ದರೆ ಉಪ್ಪು ಕಡಿಮೆ, ಇಲ್ಲ ಭಾರ ಕಡಿಮೆ. ನೀರಿನಿಂದ ಮೇಲೆ ಎದ್ದ ಸೊಳೆ ಕಪ್ಪಾಗುತ್ತದೆ, ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಉಪ್ಪು ಉಳಿಸಲು ಹೋಗಿ 100 ಗ್ರಾಂ ಹಾಕಿದರೆ ತಿಂಗಳೊಳಗೆ ಮೆತ್ತಗಾಗಿ ಹುಳಿ ವಾಸನೆ. ಸ್ಟೀಲ್ ಪಾತ್ರೆ ಬೇಡವೇ ಬೇಡ. ಪಿಂಗಾಣಿ ಭರಣಿ, ಇಲ್ಲವಾದರೆ ಆಹಾರಕ್ಕೆ ಯೋಗ್ಯವೆಂದು ಗುರುತಿರುವ ಪ್ಲಾಸ್ಟಿಕ್ ಡ್ರಮ್ಮು.

ಉಪಯೋಗಿಸುವ ದಿನ ಐದು ಪಾಲು ನೀರಿನಲ್ಲಿ ನೆನೆಹಾಕಿ, ಎರಡು ಗಂಟೆಗೊಮ್ಮೆ ನೀರು ಬದಲಿಸಿ, ಮೂರು ಸಲ. ಹಿಂಡಿ, ಒಂದು ಸೊಳೆ ಬಾಯಿಗೆ ಹಾಕಿ ನೋಡಿ. ಆಮೇಲೆಯೇ ಒಗ್ಗರಣೆಯ ಮಾತು. ಚಟ್ನಿಗೂ ಹಿಟ್ಟಿಗೂ ಮೊದಲೇ ಉಪ್ಪು ಹಾಕಿಟ್ಟ ಅಡುಗೆಮನೆಯಲ್ಲಿ ಇಡೀ ತಟ್ಟೆ ಹಾಳು.

ಪಡುಗಾಳಿ

ಮೀನಿನ ವಿಷಯಕ್ಕೆ ಬರೋಣ. ಕೇರಳದಲ್ಲಿ ಟ್ರಾಲಿಂಗ್ (ಯಾಂತ್ರಿಕ ದೋಣಿಯಿಂದ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ 52 ದಿನ, ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31, ಅಂದರೆ 61 ದಿನ. ಆದ್ದರಿಂದ ತಲಪಾಡಿ ಗಡಿ ದಾಟಿ ಮಂಗಳೂರು ಧಕ್ಕೆಗೆ ಹೋದರೂ ಅದೇ ಗತಿ. ಆ ದಿನಗಳಲ್ಲಿ ಅಂಜಲ್ ಎಂದು ಬರುವುದು ಬಹುಪಾಲು ಶೈತ್ಯಾಗಾರದ್ದು. ಬೇರೆ ಕಡೆಯ ಮಂಜುಗಡ್ಡೆ ಮೀನಿಗೆ ಊರ ಹೆಸರು ಕೊಟ್ಟು ಮಾರುವುದಾದರೆ ಇಷ್ಟೆಲ್ಲ ಕಷ್ಟ ಯಾಕೆ?

ಕಲ್ಲುಮ್ಮಕ್ಕಾಯಿಯೂ ಹಾಗೇ. ನಮ್ಮ ಜಿಲ್ಲೆಯಲ್ಲಿ ಅದರ ಕೃಷಿ ಇರುವುದು ಪಡನ್ನ, ಚೆರುವತ್ತೂರು, ವಲಿಯಪರಂಬ ಕಡೆಯ ಹಿನ್ನೀರಿನಲ್ಲಿ. ನವೆಂಬರ್–ಡಿಸೆಂಬರ್‌ನಲ್ಲಿ ಹಗ್ಗಕ್ಕೆ ಮರಿ ಕಟ್ಟುತ್ತಾರೆ, ಏಪ್ರಿಲ್–ಮೇಯಲ್ಲಿ ಕೊಯ್ಯುತ್ತಾರೆ. ಮಳೆ ಸುರಿದರೆ ಹಿನ್ನೀರಿನ ಉಪ್ಪು ಇಳಿದು ಅದು ಸಾಯುತ್ತದೆ. ಹಾಗಾಗಿ ಯಾರೂ ಜೂನ್‌ಗೆ ಉಳಿಸಿಕೊಳ್ಳುವುದಿಲ್ಲ. ಬಂಡೆಯಿಂದ ಕಿತ್ತು ತಂದದ್ದು ಸಿಕ್ಕಿದರೂ ಮಳೆಯ ಕೊಳಕು ನೀರನ್ನೇ ಸೋಸಿ ತಿಂದ ಜೀವ ಅದು, ಬೇಡ. ಇದನ್ನು ಮುಂದಿನ ಬೇಸಿಗೆಯ ಮೆನುಗೆ ಇಡಿ. ಆಗ ನೆನಪಿರಲಿ: ತಟ್ಟಿದರೂ ಬಾಯಿ ಮುಚ್ಚದ ಚಿಪ್ಪು ಬೇಯಿಸುವ ಮೊದಲೇ ಹೊರಗೆ, ಬೆಂದ ಮೇಲೂ ಬಾಯಿ ಬಿಡದ್ದು ಆಮೇಲೆ ಹೊರಗೆ.

ಐದನೆಯ ತಟ್ಟೆಗೆ ಮೀನಿನ ಹೆಸರು ಬರೆಯಬೇಡಿ. ‘ಇವತ್ತಿನ ಮೀನು’ ಎಂದಿರಲಿ, ಒಳಗೆ ಮೂರು ಪಾಠ (ಮಾಡುವ ಕ್ರಮ) ತಯಾರಿರಲಿ. ಸಾಂಪ್ರದಾಯಿಕ ದೋಣಿಗಳಿಗೆ ನಿಷೇಧ ಇಲ್ಲ. ಕಡಲು ಬಿಟ್ಟ ದಿನ ಬಂಗುಡೆ, ಬೂತಾಯಿ ಬರುತ್ತದೆ, ಅದಕ್ಕೆ ಎಣ್ಣೆಮೀನಿನ ಪಾಠ. ನದಿಬಾಯಿಯ ಕರಿಮೀನು ಸಿಕ್ಕಿದರೆ ಬಾಳೆಎಲೆಯಲ್ಲಿ ಸುಡುವ ಪಾಠ. ಎರಡೂ ಇಲ್ಲದ ದಿನಕ್ಕೆ ಒಣ ಸಿಗಡಿ. ಮಳೆಗಾಲದ ನಿಜವಾದ ರುಚಿ ಅದೇ. ತಲೆಗೆ 10 ಗ್ರಾಂ ಸಾಕು. ತಲೆ, ಕಾಲು ಮುರಿದು, ಜರಡಿಯಲ್ಲಿ ಆಡಿಸಿ ಮರಳು ಬೀಳಿಸಿ, ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಗರಿಯಾಗುವವರೆಗೆ ಹುರಿಯಬೇಕು. ನೆಲದ ಮರಳಲ್ಲಿ ಒಣಗಿಸಿದ್ದನ್ನು ಎಷ್ಟು ಜಾಲಿಸಿದರೂ ಹಲ್ಲಿಗೆ ಸಿಗುತ್ತದೆ. ತಟ್ಟಿಯ ಮೇಲೆ ಎತ್ತರದಲ್ಲಿ ಒಣಗಿಸಿದ್ದು ಬೇಕೆಂದು ಈಗಲೇ ಹೇಳಿಡಿ.

ಬಂಗುಡೆಗೆ ಎರಡು ಮಾತು. 14 ಸೆಂಟಿಮೀಟರಿಗಿಂತ ಸಣ್ಣದನ್ನು ಹಿಡಿಯುವುದಕ್ಕೇ ಕೇರಳದಲ್ಲಿ ನಿಷೇಧ, ಬೂತಾಯಿಗೆ 10. ಮತ್ತೆ ಮಂಜುಗಡ್ಡೆ: ಕಿಲೋ ಮೀನಿಗೆ ಕಿಲೋ ಐಸ್, ಕರಗಿದ ನೀರು ಕೆಳಗೆ ಹರಿದುಹೋಗುವ ಪೆಟ್ಟಿಗೆ. ಬೆಚ್ಚಗೆ ಬಿದ್ದಿದ್ದ ಬಂಗುಡೆಯಲ್ಲಿ ಹಿಸ್ಟಮೀನ್ ಹುಟ್ಟುತ್ತದೆ, ಒಮ್ಮೆ ಹುಟ್ಟಿದರೆ ಎಷ್ಟು ಹುರಿದರೂ ಹೋಗುವುದಿಲ್ಲ. ಊಟ ಮಾಡಿದವರ ಮುಖ ಕೆಂಪೇರಿ ತಲೆನೋವು ಬರುವುದು ಅದರಿಂದ. ಜನ ಅದನ್ನು ‘ಮೀನು ಆಗಿಬರುವುದಿಲ್ಲ’ ಎಂದುಕೊಳ್ಳುತ್ತಾರೆ.

ಒಲೆಬುಡ

ಭರಣಿ ಅಕ್ಕ, ಪಡುಗಾಳಿ ಅಣ್ಣ ಹೇಳಿದ್ದು ಕಾಲದ ಲೆಕ್ಕ. ನನ್ನ ತಕರಾರು ಬಾಯಿಯ ಲೆಕ್ಕದ್ದು. ನಿಮ್ಮ ಒಂಬತ್ತರಲ್ಲಿ ಐದು ಹುಳಿ: ಪುನರ್ಪುಳಿ, ಮಾವಿನ ಗೊಜ್ಜು, ತಂಬುಳಿ, ಮಂತುಪುಳಿ, ಗೇರು. ಏಳರಲ್ಲಿ ತೆಂಗಿನಕಾಯಿ. ಮನೆಯ ಊಟದಲ್ಲಿ ಇದು ತೊಂದರೆ ಮಾಡುವುದಿಲ್ಲ, ಎಲೆಯ ಮೇಲೆ ಎಲ್ಲ ಒಟ್ಟಿಗೆ ಇರುತ್ತದೆ, ಕೈ ತನಗೆ ಬೇಕಾದ್ದನ್ನು ಬೇಕಾದಷ್ಟು ಕಲಸಿಕೊಳ್ಳುತ್ತದೆ. ಒಂದೊಂದೇ ತಟ್ಟೆಯಾಗಿ ಬಂದರೆ ನಾಲ್ಕನೆಯದಕ್ಕೆ ನಾಲಿಗೆ ಜಡ್ಡುಗಟ್ಟುತ್ತದೆ. ನಡುವೆ ಒಂದು ಕಹಿ, ಒಂದು ಗರಿಗರಿ, ಒಂದು ತೆಂಗಿನಕಾಯಿ ಇಲ್ಲದ ಹುರಿದದ್ದು ಬರಲೇಬೇಕು.

ಪುನರ್ಪುಳಿ: ಒಣಸಿಪ್ಪೆ 40 ಗ್ರಾಂ, ನೀರು ಒಂದು ಲೀಟರ್, ಕುದಿಸಬೇಡಿ. ನಾಲ್ಕು ಗಂಟೆ ತಣ್ಣೀರಲ್ಲೇ ಬಿಟ್ಟು ಸೋಸಿ. ಕುದಿಸಿದರೆ ಬಣ್ಣ ಕಂದುತ್ತದೆ. ಅಲ್ಯೂಮಿನಿಯಂ, ಕಬ್ಬಿಣ ಮುಟ್ಟಿಸಿದರೆ ಕಪ್ಪು ನೇರಳೆಗೆ ತಿರುಗುತ್ತದೆ. ಬೆಲ್ಲ ಹಾಕಿದರೆ ರುಚಿ ಒಳ್ಳೆಯದು, ಆದರೆ ಗಾಜಿನ ಲೋಟದಲ್ಲಿ ಕೆಸರುನೀರು. ಇಲ್ಲಿ ಸಕ್ಕರೆಯೇ ಸರಿ, ಲೀಟರಿಗೆ 60 ಗ್ರಾಂ. ತುಪ್ಪದ ಒಗ್ಗರಣೆ ತಣ್ಣಗಿನದರ ಮೇಲೆ ಬಿಳಿ ಚುಕ್ಕೆಯಾಗಿ ತೇಲುತ್ತದೆ, ಬದಲಿಗೆ ಹುರಿದ ಜೀರಿಗೆಯನ್ನು ಬಟ್ಟೆಯಲ್ಲಿ ಕಟ್ಟಿ ಸಿಪ್ಪೆಯ ಜೊತೆ ನೆನೆಹಾಕಿ. ಅಂಗಡಿಯ ಸಿಪ್ಪೆಗೆ ಉಪ್ಪು ಹಾಕಿ ಒಣಗಿಸಿದ್ದೂ ಉಂಟು, ನೆಕ್ಕಿ ನೋಡಿ ತೆಗೆದುಕೊಳ್ಳಿ. ಒಬ್ಬರಿಗೆ 60 ಮಿಲಿ, ಅದಕ್ಕಿಂತ ಹೆಚ್ಚು ಬೇಡ.

ಪತ್ರೊಡೆ ಮಳೆಗಾಲದ್ದೇ, ಅದನ್ನು ಮುಟ್ಟಬೇಡಿ. 20 ಎಲೆಗೆ ಅಕ್ಕಿ 500 ಗ್ರಾಂ ಐದು ಗಂಟೆ ನೆನೆದದ್ದು, ತೆಂಗಿನತುರಿ 150, ಹುಣಸೆಹುಳಿ 60, ಬೆಲ್ಲ 50, ಒಣಮೆಣಸು ಎಣಿಸಿ 12, ಕೊತ್ತಂಬರಿ ಎರಡು ಚಮಚ, ಜೀರಿಗೆ ಒಂದು, ಉಪ್ಪು 18 ಗ್ರಾಂ. ತರಿತರಿಯಾಗಿ, ಆದಷ್ಟು ಕಡಿಮೆ ನೀರಲ್ಲಿ ಕಡೆಯಿರಿ. ನುಣ್ಣಗಾದರೆ ಬೆಂದ ಮೇಲೆ ರಬ್ಬರು. ಎಲೆಯ ಹಿಂದಿನ ದಪ್ಪ ನಾರು ಚೂರಿಯಲ್ಲಿ ಹೆರೆದು ಸಪಾಟು ಮಾಡಿ, ಐದೈದು ಎಲೆಯ ಸುರುಳಿ, ಹಬೆಯಲ್ಲಿ 50 ನಿಮಿಷ. ಬಾಯಿ ತುರಿಸುವುದು ಎಲೆಯ ಸೂಜಿಯಂಥ ಹರಳಿನಿಂದ. ಬೇಯಿಸಿದ ಮಾತ್ರಕ್ಕೆ ಆ ಹರಳು ಕರಗಿ ಹೋಗುವುದಿಲ್ಲ. ಹುಳಿಯೂ ಬೇಕು, ಪೂರ್ತಿ ಬೇಯುವುದೂ ಬೇಕು. ನಾಜೂಕು ಮಾಡಲು ಹೋಗಿ ಹುಣಸೆ ಅರ್ಧ ಮಾಡುವ ಬಾಣಸಿಗರಿದ್ದಾರೆ. ಅತಿಥಿ ಗಂಟಲು ಹಿಡಿದುಕೊಂಡಾಗ ಅಂಥವರು ಎಲೆಯನ್ನು ಬೈಯುತ್ತಾರೆ. ಬಿಸಿಯಲ್ಲಿ ಕತ್ತರಿಸಬೇಡಿ. ಇಡೀ ರಾತ್ರಿ ಫ್ರಿಜ್ಜಿನಲ್ಲಿಟ್ಟು, ಮರುದಿನ 12 ಮಿಲಿಮೀಟರ್ ದಪ್ಪಕ್ಕೆ ಕೊಯ್ದು, ತೆಂಗಿನೆಣ್ಣೆ ಸವರಿದ ಕಾವಲಿಯಲ್ಲಿ ಎರಡೂ ಬದಿ ಕೆಂಪಗೆ ಮಾಡಿದರೆ ಅಂಚು ಮುರಿಯುವುದಿಲ್ಲ.

ತೋಟದಮೂಲೆ

ಒಂದೆಲಗದ ಬಗ್ಗೆ ಎಚ್ಚರಿಕೆ. ಹಸಿ ಎಲೆ ಅರೆದು ಬಡಿಸುವ ತಟ್ಟೆ ಅದು. ಮಳೆಗಾಲದಲ್ಲಿ ಗದ್ದೆಬದು, ತೋಡಿನ ಕರೆಯಿಂದ ಕಿತ್ತು ತಂದರೆ ಜೊತೆಗೆ ಇಲಿಜ್ವರವನ್ನೂ ತಂದ ಹಾಗೆ. ಹೊಟೇಲಿನ ಹಿಂದೆಯೇ ಚಟ್ಟಿಯಲ್ಲಿ ಬೆಳೆಸಿ. ನೆರಳು ಬಲೆ, ಅರ್ಧ ಮರಳು ಅರ್ಧ ಗೊಬ್ಬರಮಣ್ಣು, ಆರೇಳು ವಾರದಲ್ಲಿ ಕೊಯ್ಲಿಗೆ ಬರುತ್ತದೆ. ಕೊಯ್ದದ್ದನ್ನು ಮೂರು ನೀರಲ್ಲಿ ಜಾಲಿಸಿ, ಆಮೇಲೆ 10 ಲೀಟರ್ ನೀರಿಗೆ ಶೇ 4ರ ಸೋಡಿಯಂ ಹೈಪೊಕ್ಲೋರೈಟ್ 12.5 ಮಿಲಿ ಹಾಕಿ ಐದು ನಿಮಿಷ, ಕೊನೆಗೆ ಕುಡಿಯುವ ನೀರಲ್ಲಿ ತೊಳೆಯಿರಿ. ಅಂಗಡಿಯ ಪರಿಮಳದ ಬ್ಲೀಚ್ ಅಲ್ಲ, ಆಹಾರಕ್ಕೆ ಬಳಸುವಂಥದ್ದು.

ಕಣಿಲೆ (ಎಳೆ ಬಿದಿರು), ಅಣಬೆ ಹಾಕಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕಣಿಲೆ ಖಾಸಗಿ ಹಿಡುವಳಿಯದ್ದಾದರೆ ಸರಿ, ಅರಣ್ಯದ್ದು ಬೇಡ. ಕೊಚ್ಚಿ ಮೂರು ದಿನ ನೀರಲ್ಲಿ, ದಿನಾ ನೀರು ಬದಲು, ಆಮೇಲೆ ಮುಚ್ಚಳ ತೆರೆದು ಕುದಿಸಿ ಆ ನೀರು ಚೆಲ್ಲಬೇಕು. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಉಂಟು, ‘ಎಳತು, ಒಂದು ದಿನ ಸಾಕು’ ಎನ್ನುವವರನ್ನು ನಂಬಬೇಡಿ. ಕಾಡಿನ ಅಣಬೆ ಹೊಟೇಲಿಗೆ ಬೇಡ. ಮನೆಯಲ್ಲಿ ಗುರುತು ಗೊತ್ತಿದ್ದವರು ತಿನ್ನಲಿ.

ಒಲೆಬುಡ

ತಂಬುಳಿಗೆ ಸೇರಿಸುತ್ತೇನೆ. ಮಜ್ಜಿಗೆ ಬೆರೆಸಿ ಇಟ್ಟರೆ ಒಂದು ಗಂಟೆಯೊಳಗೆ ಹಸಿರು ಮಾಸಿ ಎಣ್ಣೆಹಸಿರಾಗುತ್ತದೆ. ಎಲೆಯನ್ನು ಕುದಿನೀರಲ್ಲಿ 10 ಸೆಕೆಂಡು ಅದ್ದಿ, ಐಸ್ ನೀರಿಗೆ ಹಾಕಿ, ಹಿಂಡಿ, ಅರೆದಿಡಿ. ತೆಂಗಿನಕಾಯಿ ಬೇರೆ ಅರೆದಿಡಿ. 60 ಗ್ರಾಂ ಎಲೆಗೆ 80 ಗ್ರಾಂ ತುರಿ, ಆರು ಕಾಳುಮೆಣಸು, ಅರ್ಧ ಚಮಚ ಜೀರಿಗೆ, 400 ಮಿಲಿ ಮಜ್ಜಿಗೆ. ಬಡಿಸುವ ಹತ್ತು ನಿಮಿಷ ಮೊದಲು ಮಾತ್ರ ಕೂಡಿಸುವುದು. ಐಸಿನಷ್ಟು ತಣ್ಣಗೆ ಬೇಡ, 16–18 ಡಿಗ್ರಿ ಸಾಕು. ಅದಕ್ಕಿಂತ ಕೆಳಗೆ ಹೋದರೆ ತೆಂಗಿನ ಕೊಬ್ಬು ಮತ್ತಷ್ಟು ಗಟ್ಟಿಯಾಗಿ ನಾಲಿಗೆಗೆ ಮೇಣ ಹತ್ತಿದಂತಾಗುತ್ತದೆ.

ಇದೇ ಕಾರಣಕ್ಕೆ ಇನ್ನೊಂದು, ಯಾರೂ ಯೋಚಿಸದ್ದು: ನಿಮ್ಮ ಎಸಿ. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಹಾಲ್‌ನಲ್ಲಿ 21–22 ಇಟ್ಟರೆ ಪತ್ರೊಡೆ, ಹುರಿದ ಮೀನು ಎಲ್ಲದರ ಅಂಚಿಗೆ ಐದು ನಿಮಿಷದಲ್ಲಿ ಬಿಳಿ ಪೊರೆ. ಫೋಟೋ ತೆಗೆಯುವವರು ಮೊದಲು ಫೋಟೋ ತೆಗೆದು ಆಮೇಲೆ ತಿನ್ನುವವರು. ಎಸಿ 26ಕ್ಕೆ ಇಡಿ, ಫ್ಯಾನು ಸಣ್ಣಗೆ ತಿರುಗಲಿ, ಬಿಸಿ ತಟ್ಟೆಗಳನ್ನು 55 ಡಿಗ್ರಿಯ ಪೆಟ್ಟಿಗೆಯಲ್ಲಿ ಕಾಯಿಸಿಡಿ.

ಉಪ್ಪಳ_ಗಡಿ

ಎಲ್ಲ ಸರಿ, ಆದರೆ ‘ಪದಾರ್ಥ ಎಲ್ಲ ಕಾಸರಗೋಡಿನದ್ದೇ’ ಎಂದು ಬರೆಯಲಿಕ್ಕೆ ಹೊರಟಿದ್ದೀರಲ್ಲ, ಪತ್ರೊಡೆಯ ಒಣಮೆಣಸು ಎಲ್ಲಿಯದು? ಬ್ಯಾಡಗಿ ಹಾವೇರಿ ಜಿಲ್ಲೆಯದು. ಕೊತ್ತಂಬರಿ, ಜೀರಿಗೆ, ಉದ್ದು, ಸಾಸಿವೆ, ಸಕ್ಕರೆ, ಬೆಲ್ಲ ಯಾವುದೂ ನಮ್ಮ ಗುಡ್ಡದ್ದಲ್ಲ. ತಲೆಮಾರುಗಳಿಂದ ಘಟ್ಟದಿಂದ ಇಳಿದು ಬಂದದ್ದನ್ನು ಒಂದು ಫಲಕಕ್ಕಾಗಿ ಇಲ್ಲ ಎನ್ನುವುದು ಯಾಕೆ?

ಚಂದ್ರಗಿರಿ_ಬದಿ

ಬ್ಯಾಡಗಿ ಬಿಟ್ಟು ಗಾಂಧಾರಿ ಮೆಣಸು (ಸಣ್ಣ, ಬಲು ಖಾರದ ಸೂಜಿಮೆಣಸು), ಕಾಳುಮೆಣಸಿನಲ್ಲೇ ಮಾಡಿದರೆ?

ಒಲೆಬುಡ

ಖಾರ ಬರುತ್ತದೆ, ಬಣ್ಣ ಬರುವುದಿಲ್ಲ, ಮೈ ಬರುವುದಿಲ್ಲ. ಬ್ಯಾಡಗಿಯಲ್ಲಿ ಖಾರ ಕಡಿಮೆ, ಸಿಪ್ಪೆ ಹೆಚ್ಚು, ರಸಕ್ಕೆ ದಪ್ಪ ಕೊಡುವುದೇ ಅದು. ಗಾಂಧಾರಿ ಹತ್ತು ಹಾಕಿದರೆ ಪತ್ರೊಡೆ ತಿನ್ನಲಿಕ್ಕಾಗದು. ಗಾಂಧಾರಿಯನ್ನು ಮೀನಿಗೆ, ಹಸಿ ಚಟ್ನಿಗೆ ಇಟ್ಟುಕೊಳ್ಳಿ. ‘ಮುಖ್ಯ ಪದಾರ್ಥ ಈ ಜಿಲ್ಲೆಯದು, ಮಸಾಲೆ ಘಟ್ಟದ ಮೇಲಿನದು’ ಎಂದು ಕಾರ್ಡಿನಲ್ಲಿ ಒಂದು ಸಾಲು ಹಾಕಿದರೆ ಯಾರೂ ಮುಖ ಸಿಂಡರಿಸುವುದಿಲ್ಲ.

ಲೆಕ್ಕಪುಸ್ತಕ

ಹಣದ ಮಾತು. 24 ಕುರ್ಚಿ ದಿನಾ ತುಂಬುವುದಿಲ್ಲ, ಅದರಲ್ಲೂ ಮಳೆಗಾಲದಲ್ಲಿ. 18 ಜನ, ತಿಂಗಳಿಗೆ 26 ರಾತ್ರಿ ಹಿಡಿಯಿರಿ: 13,10,400 ರೂಪಾಯಿ. ಪದಾರ್ಥದ ಖರ್ಚು ಶೇ 32 ದಾಟಬಾರದು, ಅಂದರೆ ತಲೆಗೆ 896. ಬರೇ ಹೊಟೇಲಾದರೆ ಜಿಎಸ್‌ಟಿ ಶೇ 5, ಆದರೆ ಖರೀದಿಗೆ ಕಟ್ಟಿದ ತೆರಿಗೆ ವಾಪಸು ಸಿಗುವುದಿಲ್ಲ. ಫ್ರಿಜ್ಜು, ಒಲೆ, ತಟ್ಟೆಗೆ ಕಟ್ಟಿದ್ದೆಲ್ಲ ನಿಮ್ಮ ಖರ್ಚೇ. ದಿನಕ್ಕೆ 7,500ಕ್ಕಿಂತ ಮೇಲಿನ ಬಾಡಿಗೆಯ ಕೋಣೆಗಳಿರುವ ರೆಸಾರ್ಟಿನ ಒಳಗಾದರೆ ಶೇ 18ರ ಕಡೆಗೆ ಹೋಗುತ್ತದೆ. ಜಾಗ ಗೊತ್ತು ಮಾಡುವ ಮೊದಲು ಇದನ್ನು ಕೇಳಿಕೊಳ್ಳಿ.

ಭರಣಿ ಅಕ್ಕನ ದಾರಿ ಅಗ್ಗ. ಜೂನ್ 15ರಿಂದ ಆಗಸ್ಟ್ 31ಕ್ಕೆ ವಾರಕ್ಕೊಂದು ರಜೆ ಕಳೆದು 67 ರಾತ್ರಿ, 18ರಂತೆ 1,206 ಊಟ. ತಲೆಗೆ 25 ಗ್ರಾಂ ಸೊಳೆ ಎಂದರೆ 30 ಕಿಲೋ, ಹಾಳಾಗುವುದೂ ಸೇರಿ 35 ಎನ್ನಿ. 10 ಕಿಲೋದ ಹಲಸಿನಲ್ಲಿ ಮೂರು ಕಿಲೋ ಸೊಳೆ ಬಂದರೆ 12 ಹಲಸು. ಮೂರು ತಿಂಗಳ ಒಂದು ತಟ್ಟೆಗೆ ಒಂದು ಆಟೋರಿಕ್ಷಾದ ಹೊರೆ ಸಾಕು. ಖರ್ಚೇನಿದ್ದರೂ ಸೊಳೆ ಬಿಡಿಸುವ ಕೂಲಿ.

ಇನ್ನು ಕಾರ್ಡಿನಲ್ಲಿ ‘ಕಾಸರಗೋಡು ಗಿಡ್ಡದ ತುಪ್ಪ’ (ನಮ್ಮ ಊರ ಕುಳ್ಳು ಹಸುವಿನದು) ಎಂದು ಹಾಕುವ ಆಸೆ ಇದ್ದರೆ ಲೆಕ್ಕ ನೋಡಿ. ತಲೆಗೆ 5 ಗ್ರಾಂ, 24 ಜನ, 26 ರಾತ್ರಿ: ಮೂರು ಕಿಲೋ ಚಿಲ್ಲರೆ. ಅದಕ್ಕೆ ಸುಮಾರು 75 ಲೀಟರ್ ಹಾಲು. ದಿನಕ್ಕೆ ಒಂದೆರಡು ಲೀಟರ್ ಕೊಡುವ ತಳಿ ಅದು. ಎರಡು ಮೂರು ಕರೆಯುವ ಹಸುವಿನ ಹಾಲು ಪೂರ್ತಿ ನಿಮಗೇ ಬಂದರೆ ಮಾತ್ರ ಆ ಸಾಲು ಸತ್ಯ. ಒಂದೇ ತಟ್ಟೆಗೆ ಸೀಮಿತ ಮಾಡಿ.

ಭರಣಿ

ಗೇರುಹಣ್ಣು ಬಿಡಬೇಡಿ, ಈಗಲೇ ಹಿಂಡಿ. ಬಿದ್ದ ದಿನದ, ಸಿಪ್ಪೆ ಒಡೆಯದ ಹಣ್ಣು. ಸಂಜೆಗಾಗುವಾಗ ಹುಳಿ ಹಿಡಿಯುತ್ತದೆ. ಲೀಟರ್ ರಸಕ್ಕೆ 5 ಗ್ರಾಂ ಸಾಬಕ್ಕಿ ಪುಡಿಯನ್ನು ಸ್ವಲ್ಪ ನೀರಲ್ಲಿ ಗಂಜಿಯ ಹಾಗೆ ಬೇಯಿಸಿ ಆರಿಸಿ, ರಸಕ್ಕೆ ಕಲಸಿ, 12 ಗಂಟೆ ಫ್ರಿಜ್ಜಿನಲ್ಲಿ ಅಲ್ಲಾಡಿಸದೆ ಬಿಡಿ. ಗಂಟಲು ಕೆರೆಯುವ ಒಗರು ಗಷ್ಟಾಗಿ ಕೆಳಗೆ ಕೂರುತ್ತದೆ, ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಿ. ಲೀಟರ್ ಡಬ್ಬಿಯಲ್ಲಿ ಮೈನಸ್ 18ಕ್ಕೆ ಹಾಕಿಟ್ಟರೆ ಆಗಸ್ಟ್‌ಗೂ ಆಗುತ್ತದೆ. ಸೋರ್ಬೆ ಮಾಡುವಾಗ ಸಿಹಿ ಮಾಪಕದಲ್ಲಿ 26ರಿಂದ 28 ಬ್ರಿಕ್ಸ್ ತೋರಿಸಬೇಕು. 22ಕ್ಕೆ ಇಳಿದರೆ ಐಸಿನ ಹರಳು, 32 ದಾಟಿದರೆ ಗಟ್ಟಿಯೇ ಆಗುವುದಿಲ್ಲ.

ಗಟ್ಟಿಯ ಬದಲು ಬೆರಟಿ. ಮೇ ತಿಂಗಳ ಒಳ್ಳೆಯ ಹಲಸಿನಹಣ್ಣಿನ ತಿರುಳು ಕಿಲೋಗೆ 400 ಗ್ರಾಂ ಬೆಲ್ಲ, ದಪ್ಪ ತಳದ ಉರುಳಿಯಲ್ಲಿ ಸೌಟು ಬಿಡದೆ ಕಾಯಿಸಿ, ಕೊನೆಗೆ 50 ಗ್ರಾಂ ತುಪ್ಪ. ಸೌಟಿಗೆ ಉಂಡೆಯಾಗಿ ಬಂದು ಉರುಳಿಯ ಬದಿ ಬಿಡಬೇಕು. ನೀರು ಉಳಿದರೆ ಜುಲೈಯಲ್ಲಿ ಬೂಸರು ಖಚಿತ. ಮಳೆಗಾಲದಲ್ಲಿ ಇದಕ್ಕೆ ತೆಂಗಿನಹಾಲು ಹಾಕಿ ಪಾಯಸವೋ, ಅರಸಿನ ಎಲೆಯಲ್ಲಿ ಅಕ್ಕಿಹಿಟ್ಟಿನೊಳಗೆ ಹೂರಣವೋ ಮಾಡಿ. ಅರಸಿನ ಎಲೆ ಆಗ ಹಿತ್ತಿಲು ತುಂಬ ಇರುತ್ತದೆ.

ಗರಿಗರಿ ತಟ್ಟೆಗೆ ಉಂಡ್ಲಕಾಳು, ಅಂದರೆ ಉಪ್ಪುಸೊಳೆಯ ಕರಿದ ಸಣ್ಣ ಉಂಡೆ. ಉಪ್ಪು ಬಿಡಿಸಿ ಹಿಂಡಿದ ಸೊಳೆ 500 ಗ್ರಾಂ, ನೆನೆಸಿ ಪೂರ್ತಿ ನೀರು ಬಸಿದ ಅಕ್ಕಿ 150, ತೆಂಗಿನತುರಿ 100, ಜೀರಿಗೆ. ಒಂದು ಹನಿ ನೀರು ಹಾಕದೆ ಅರೆದು ಗೋಲಿಗಿಂತ ಸಣ್ಣ ಉಂಡೆ. ಇದು ಎಣ್ಣೆಯಲ್ಲಿ ಸಿಡಿಯುತ್ತದೆ, ತಮಾಷೆಯಲ್ಲ. ಎಣ್ಣೆ ತುಂಬ ಕಾದಿದ್ದರೆ ಹೊರಮೈ ಮೊದಲೇ ಗಟ್ಟಿಯಾಗಿ ಒಳಗಿನ ಹಬೆಗೆ ದಾರಿ ಇರುವುದಿಲ್ಲ. 150–160 ಡಿಗ್ರಿಯಲ್ಲಿ ಹಾಕಿ, ನಿಧಾನ ಕೆಂಪಾಗಲಿ, ಮೇಲೆ ಜಾಲರಿ ಮುಚ್ಚಳ. ಹೊಸ ಹುಡುಗರ ಕೈಗೆ ಕೊಡಬೇಡಿ.

ಚಂದ್ರಗಿರಿ_ಬದಿ

ಉಂಡ್ಲಕಾಳು ಖಂಡಿತ. ಕಲ್ಪರಸ ಮತ್ತು ನೀರುದೋಸೆ ಬಗ್ಗೆ ಯಾರೂ ಹೇಳಲಿಲ್ಲ. ಎರಡೂ ಇಟ್ಟುಕೊಳ್ಳಬಹುದಾ?

ತೋಟದಮೂಲೆ

ಕಲ್ಪರಸ ನಮ್ಮ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೊಟ್ಟ ವಿಧಾನ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ಸಂಸ್ಥೆ, ಊರ ಹೆಸರಿನ ಜೊತೆ ಹೇಳಿಕೊಳ್ಳಲು ಯೋಗ್ಯ. ಹೊಂಬಾಳೆಗೆ ಮಡಕೆಯ ಬದಲು ಐಸ್ ತುಂಬಿದ ಪೆಟ್ಟಿಗೆ ಕಟ್ಟಿ ಇಳಿಸುವುದರಿಂದ ಹುಳಿಯುವುದಿಲ್ಲ. ಹೊನ್ನುಬಣ್ಣ, ತಿಳಿ, ಜೇನಿನ ಹಾಗೆ ಇದ್ದರೆ ಸರಿ. ಬೆಳ್ಳಗೆ ಮಸುಕಾಗಿ ನೊರೆ ಬಂದಿದ್ದರೆ ಅದು ಕಳ್ಳಿನ ದಾರಿ ಹಿಡಿದಾಗಿದೆ. ಒಂದು ಕಿಲೋ ಸಕ್ಕರೆಗೆ ಏಳೆಂಟು ಲೀಟರ್ ರಸ ಬೇಕು, ಬೆಲೆ ಜಾಸ್ತಿ ಇರುವುದು ಅದಕ್ಕೆ. ಬೆರಟಿಯ ಒಳಗೆ ಹಾಕಿ ಕಳೆದುಹಾಕಬೇಡಿ, ಬೆಲ್ಲದೆದುರು ಅದರ ರುಚಿ ಏಳುವುದಿಲ್ಲ. ಬಡಿಸುವಾಗ ಮೇಲೆ ಉದುರಿಸಿ. ಕಾಯಿಸುವುದಾದರೆ ಬಿಳಿ ಸಕ್ಕರೆಗಿಂತ ಬೇಗ ಕರಟುತ್ತದೆ, ಉರಿ ಸಣ್ಣದಿರಲಿ.

ಒಲೆಬುಡ

ನೀರುದೋಸೆ ಇಂಥ ಊಟಕ್ಕೆ ಕಷ್ಟದ ತಟ್ಟೆ. 24 ಜನಕ್ಕೆ ಒಂದೇ ಹೊತ್ತಿಗೆ 48 ದೋಸೆ ಬೇಕು. ಒಂದರ ಮೇಲೊಂದು ಪೇರಿಸಿದರೆ ಎರಡು ನಿಮಿಷದಲ್ಲಿ ಅಂಟಿಕೊಂಡು ಮುದ್ದೆ. ಬೆಳ್ತಿಗೆ ಹಳೆ ಅಕ್ಕಿಯೇ ಆಗಬೇಕು, ಹೊಸ ಅಕ್ಕಿ ಅಂಟು. ಹಿಟ್ಟು ಮಜ್ಜಿಗೆಯಷ್ಟು ತೆಳು, ಒಂದು ಲೋಟ ಅಕ್ಕಿಗೆ ಸುಮಾರು ಎರಡೂವರೆ ಲೋಟ ನೀರು, ಅಕ್ಕಿ ಅಡಿಗೆ ಕೂರುವುದರಿಂದ ಪ್ರತಿ ಸೌಟಿಗೂ ಕಲಕಬೇಕು. ನಾಲ್ಕು ಕಾವಲಿ, ಇಬ್ಬರು ಜನ, ಬೆಂದದ್ದನ್ನು ಬೆತ್ತದ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಆರಿಸಿ ಮಡಚುವುದು. ಇಷ್ಟು ಸೌಕರ್ಯ ಇಲ್ಲದಿದ್ದರೆ ಆ ಜಾಗಕ್ಕೆ ಪುಂಡಿ (ಹಬೆಯಲ್ಲಿ ಬೇಯಿಸಿದ ಅಕ್ಕಿ ಉಂಡೆ) ಅಥವಾ ತೆಳು ಪತ್ತಿರಿ (ಅಕ್ಕಿ ರೊಟ್ಟಿ). ಪುಂಡಿ ಹಬೆಯಲ್ಲಿ ಅರ್ಧ ಗಂಟೆ ಕಾದರೂ ಮುನಿಸಿಕೊಳ್ಳುವುದಿಲ್ಲ.

ಮಂತುಪುಳಿ ರಸಕ್ಕೂ ಒಂದು ಮಾತು. 250 ಗ್ರಾಂ ಮೀನಿಗೆ 5 ಗ್ರಾಂ ಸಿಪ್ಪೆ, ಮಣ್ಣಿನ ಚಟ್ಟಿ. 20 ನಿಮಿಷಕ್ಕೆ ಸಿಪ್ಪೆ ಎತ್ತಿ ಹೊರಗಿಡಿ, ಒಳಗೇ ಬಿಟ್ಟರೆ ಗಂಟೆಗಂಟೆಗೂ ಹುಳಿ ಏರುತ್ತದೆ, ಮೊದಲ ಮೇಜಿಗೂ ಕೊನೆಯ ಮೇಜಿಗೂ ಬೇರೆ ರುಚಿ. ಗಟ್ಟಿ ತೆಂಗಿನಹಾಲು ಉರಿ ಆರಿಸಿದ ಮೇಲೆ. ಹುಳಿಯಲ್ಲಿ ಕುದಿ ಬಂದರೆ ಒಡೆಯುತ್ತದೆ, ಸರಿಪಡಿಸುವ ಉಪಾಯ ಇಲ್ಲ.

ಸಸ್ಯಾಹಾರಕ್ಕೆ ಜೀಗುಜ್ಜೆ (ಬ್ರೆಡ್‌ಫ್ರೂಟ್). ಮಳೆಗಾಲದಲ್ಲೂ ಸಿಗುತ್ತದೆ. ತೊಟ್ಟು ಕತ್ತರಿಸಿ ಮೇಣ ಹರಿದುಹೋಗಲು ಬಿಟ್ಟು, ಒಂದು ಸೆಂಟಿಮೀಟರ್ ಬಿಲ್ಲೆ ಮಾಡಿ ತಕ್ಷಣ ಮಜ್ಜಿಗೆನೀರಿಗೆ ಹಾಕಿ, ಇಲ್ಲವಾದರೆ ಕಪ್ಪಾಗುತ್ತದೆ. ಮೀನಿಗೆ ಹಚ್ಚುವ ಮಸಾಲೆಯೇ ನಡೆಯುತ್ತದೆ, ಆದರೆ ಕಾವಲಿ ಮತ್ತು ಎಣ್ಣೆ ಬೇರೆಯೇ ಇರಬೇಕು. ಇದರಲ್ಲಿ ಕಳ್ಳಾಟ ನಡೆದರೆ ಈ ಊರಲ್ಲಿ ಮರುದಿನವೇ ಸುದ್ದಿ.

ಪಡುಗಾಳಿ

ಹೆಸರು ಹಾಕುವಾಗಲೂ ನೋಡಿಕೊಳ್ಳಿ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎನ್ನುತ್ತೇವೆ. ಪತ್ತಿರಿ, ಅಕ್ಕಿ ತುಂಬಿಸಿದ ಕಲ್ಲುಮ್ಮಕ್ಕಾಯಿ ಮಾಪಿಳ್ಳೆಯವರ (ಮಲಬಾರಿನ ಮುಸ್ಲಿಮರು) ಮನೆಯದು, ಉಂಡ್ಲಕಾಳು ಹವ್ಯಕರ ಮನೆಯದು. ಯಾರ ಮನೆಯದೋ ಅವರು ಕರೆಯುವ ಹೆಸರೇ ಕಾರ್ಡಿನಲ್ಲಿರಲಿ, ಕನ್ನಡ ಮಲಯಾಳ ಎರಡೂ ಲಿಪಿಯಲ್ಲಿ. ‘ಕರಾವಳಿ ಮುತ್ತುಗಳು’ ಅಂತೆಲ್ಲ ಬೇಡ.

ಚಂದ್ರಗಿರಿ_ಬದಿ

ಹೊಸ ಕ್ರಮ ಹೀಗಾಯಿತು: ಉಂಡ್ಲಕಾಳು ನಾಲ್ಕೈದು, ಜೊತೆಗೆ ಪುನರ್ಪುಳಿ. ಪತ್ರೊಡೆ, ಗೊಜ್ಜಿಲ್ಲದೆ, ಮೇಲೆ ಗಿಡ್ಡದ ತುಪ್ಪ. ಹಾಗಲಕಾಯಿ ಹುರಿದದ್ದು, ಕಹಿಗೆ. ತಂಬುಳಿ. ಇವತ್ತಿನ ಮೀನು ಅಥವಾ ಜೀಗುಜ್ಜೆ. ಕುಚ್ಚಲಕ್ಕಿ ಗಂಜಿ, ಒಣ ಸಿಗಡಿ ಚಟ್ನಿ, ಸಸ್ಯಾಹಾರಿಗೆ ನೀರುಮಾವಿನಕಾಯಿ (ಉಪ್ಪುನೀರಲ್ಲಿ ಹಾಕಿಟ್ಟದ್ದು) ಚಟ್ನಿ. ಪುಂಡಿ, ಕೋಳಿ ಅಥವಾ ಉಪ್ಪುಸೊಳೆ ಪಲ್ಯ. ಗೇರು ಸೋರ್ಬೆ. ಬೆರಟಿ. ಒಂದು ಸಂಶಯ ಉಳಿಯಿತು: ಉಂಡ್ಲಕಾಳು ಸಂಜೆ ನಾಲ್ಕಕ್ಕೇ ಕರಿದಿಟ್ಟರೆ ಏಳೂವರೆಗೆ ಗರಿ ಇರುತ್ತದಾ? ಆ ಹೊತ್ತಿಗೆ ಒಲೆ ಖಾಲಿ ಇರುವುದಿಲ್ಲ.

ಭರಣಿ

ಮಳೆಗಾಲದ ಗಾಳಿಗೆ ಹೊರಗಿಟ್ಟರೆ ಹದಿನೈದು ನಿಮಿಷವೂ ಇಲ್ಲ. ಕರಿದು, ಎಣ್ಣೆ ಬಸಿದು, ಪೂರ್ತಿ ಆರಿದ ಮೇಲೆಯೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಬಿಸಿಯಲ್ಲೇ ಮುಚ್ಚಿದರೆ ಅದರ ಹಬೆಗೇ ಮೆತ್ತಗಾಗುತ್ತದೆ. ಏಳು ಗಂಟೆಗೆ 120 ಡಿಗ್ರಿ ಓವನ್‌ನಲ್ಲಿ ಎಂಟು ನಿಮಿಷ, ಅಗಲ ತಟ್ಟೆಯಲ್ಲಿ ಒಂದೇ ಪದರ. ಹೊರಬಂದ ಮೇಲೆ ಎರಡು ನಿಮಿಷ ಆರಲಿ, ಗರಿ ಬರುವುದು ಆರುವಾಗ. ಬಟ್ಟಲಿಗೆ ಹಾಕುವ ಬಾಳೆಎಲೆ ಒದ್ದೆ ಇರಬಾರದು, ಒರೆಸಿದ್ದು ಸಾಲದು, ಬೆಂಕಿಗೆ ಹಿಡಿದು ಬಾಡಿಸಿದ್ದು. ಪುನರ್ಪುಳಿ ಲೋಟವನ್ನು ಅದೇ ತಟ್ಟೆಯಲ್ಲಿ ಇಡಬೇಡಿ, ಲೋಟದ ಹೊರಮೈಯ ಬೆವರು ಇಳಿದು ಉಂಡ್ಲಕಾಳಿನ ಅಡಿಗೆ ಹೋಗುತ್ತದೆ.